ಕಂದು ಕಾಗದದ ಐದು ಸಾಲು

ಸುಳ್ಳು ಹೇಳದೆ ಬಟ್ಟೆ ಹೊಲಿದುಕೊಡಬಹುದು ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಸಂಸಾರ, ನಡುವೆ ಒಂದು ಪರದೆ. ಗಿರಾಕಿ ಮೆಟ್ಟಿಲು ಹತ್ತಿ "ನನ್ನ ಕೋಟು ಆಯ್ತಾ ಮಾಸ್ಟರೇ?" ಎಂದು ಕೇಳಿದರೆ, "ಗುಂಡಿ ಒಂದು ಬಾಕಿ, ನಾಳೆ ಬನ್ನಿ" ಎಂದು ಮಾಸ್ಟರು ತಲೆ ಎತ್ತದೆ ಹೇಳುತ್ತಿದ್ದರು. ಆ ಕೋಟಿನ ಬಟ್ಟೆ ಇನ್ನೂ ಮಡಿಕೆ ಬಿಚ್ಚದೆ ಕಪಾಟಿನಲ್ಲಿ ಮಲಗಿರುತ್ತಿತ್ತು. ಇದನ್ನು ಅವರು ಕಸುಬಿನ ಒಂದು ಭಾಗ ಎಂದೇ ತಿಳಿದಿದ್ದರು, ಇಸ್ತ್ರಿ ಪೆಟ್ಟಿಗೆಯ ಹಾಗೆ.

ಇಂಥ ಮನೆಯ ಸೊಸೆ ಒಂದು ಶನಿವಾರ ಮಧ್ಯಾಹ್ನ ದಾರ ತರಲು ಹೋದವಳು ದಾರ ಮರೆತು, ಕೈಯಲ್ಲೊಂದು ಕಾಗದ ಹಿಡಿದು ಏದುಸಿರು ಬಿಡುತ್ತಾ ಬಂದಳು. ಮನೆಯವರು ಊಟಕ್ಕೆ ಕೂತಿದ್ದರು.

"ಟೀಚರ್! ನನ್ನನ್ನ ಟೀಚರ್ ಮಾಡ್ಕೋತಾರಂತೆ! ಹೊಲಿಗೆ ಶಾಲೇಲಿ!"

ಅತ್ತೆ ಸೌಟು ಹಿಡಿದ ಕೈ ಹಾಗೆಯೇ ನಿಲ್ಲಿಸಿದರು. "ದಾರ ಎಲ್ಲಿ?"

"ಮರೆತೆ ಅತ್ತೆ."

"ಆಯ್ತು ಬಿಡು. ಟೀಚರ್ ಆಗೋ ಮೊದಲೇ ಮರೆವು ಬಂತು."

ಅಪ್ಪನ ಪಕ್ಕ ಕೂತಿದ್ದ ಮಗಳು ಎಂಜಲು ಕೈಯಲ್ಲೇ ಎದ್ದು ಅಮ್ಮನನ್ನು ತಬ್ಬಿಕೊಂಡಳು. ಹದಿನಾರರ ಹುಡುಗಿ, ಹುರಿದ ಅರಳಿನಂತೆ ಪಟಪಟ ಮಾತಾಡುತ್ತಾಳೆಂದು ಮನೆಯಲ್ಲಿ ಅವಳಿಗೆ ಅರಳು ಎಂದೇ ಹೆಸರು. "ಅಮ್ಮಾ, ನಿಜವಾಗ್ಲೂ? ಬೋರ್ಡು, ಚಾಕ್‌ಪೀಸು, ಹಾಜರಿ ಪುಸ್ತಕ ಎಲ್ಲಾ ಇರುತ್ತಾ? ನಿನ್ನನ್ನ ನೋಡಿದ ತಕ್ಷಣ ಎದ್ದು ನಿಲ್ತಾರಾ?"

"ನಿಲ್ತಾರೆ ಅನ್ಸುತ್ತೆ ಕಣೇ," ಎಂದಳು ತಾಯಿ. ಅವಳ ಮುಖ ಕೆಂಪಾಗಿತ್ತು.

ಮಾಸ್ಟರು ತುತ್ತು ನುಂಗಿ ಕೇಳಿದರು. "ಏನು ಕಲಿಸ್ತೀಯ?"

ಸೊಸೆ ಗಂಡನ ಲೋಟ ಎತ್ತಿಕೊಂಡು ಒಂದು ಗುಟುಕು ನೀರು ಕುಡಿದಳು. "ಕಾಜಾ, ಮಾವ. ಕೈಹೊಲಿಗೆ."

"ಹೂಂ. ಅದು ನಿನಗೆ ಬರುತ್ತೆ," ಎಂದು ಅವರು ಮತ್ತೆ ಅನ್ನ ಕಲಸಿದರು.

ಕಾಜಾ ಎಂದರೆ ಗುಂಡಿ ತೂರಿಸುವ ಸೀಳು. ಮದುವೆಯಾಗಿ ಬಂದ ಹತ್ತೊಂಬತ್ತು ವರ್ಷದಲ್ಲಿ ಅವಳು ಎಷ್ಟು ಸಾವಿರ ಕಾಜಾ ಹೊಲಿದಿದ್ದಳೋ, ಬೀದಿಯವರು ಅವಳನ್ನೇ ಕಾಜಾ ಎಂದು ಕರೆಯುತ್ತಿದ್ದರು. ಗಂಡ ಮಿಷನ್ ತುಳಿಯುತ್ತಿದ್ದ, ಅತ್ತೆ ಅಂಚು ಮಡಿಸಿ ಹೊಲಿಯುತ್ತಿದ್ದರು, ಕತ್ತರಿಸುವುದು ಮಾತ್ರ ಮಾಸ್ಟರು. ಕತ್ತರಿಗೆ ಬೇರೆ ಯಾರೂ ಕೈ ಹಾಕುವಂತಿರಲಿಲ್ಲ. ತೋಳು ಕೂರುವ ಜಾಗದ ಬಾಗು ಗೆರೆ, ಅವರ ಮಾತಿನಲ್ಲಿ ಕಂಕುಳ ಗೆರೆ, ಅದನ್ನು ಎಳೆಯುವಾಗ ಅವರು ಎಲ್ಲರಿಗೂ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ಅದನ್ನು ತೋರಿಸಿರಲಿಲ್ಲ. ಮಗನೂ ಕೇಳಿರಲಿಲ್ಲ ಎನ್ನಿ. ಅವನಿಗೆ ಮಿಷನ್ ಓಡುತ್ತಿದ್ದರೆ ಸಾಕು.

ಆದರೆ ಮಾಸ್ಟರು ಒಂದನ್ನು ಮರೆತಿದ್ದರು. ಗಿರಾಕಿಗಳು ಕೋಟು ತೊಟ್ಟು ನೋಡುವ ಆಳೆತ್ತರದ ಕನ್ನಡಿ ಅವರೆದುರಿಗೇ ಇತ್ತು. ಪರದೆ ಸರಿಸಿ ಕಾಜಾ ಹೊಲಿಯಲು ಕೂತವಳಿಗೆ ಆ ಕನ್ನಡಿಯಲ್ಲಿ ಗೆರೆ ಪೂರ್ತಿ ಕಾಣುತ್ತಿತ್ತು. ಕನ್ನಡಿಯಲ್ಲಿ ಎಡ ಬಲ ಅದಲುಬದಲು. ಮುಂಭಾಗದ ಬಾಗನ್ನು ಹಿಂಭಾಗದ್ದೆಂದು ತಿಳಿದು ಮೊದಮೊದಲು ವರ್ಷಗಟ್ಟಲೆ ತಪ್ಪಾಗಿ ಕತ್ತರಿಸಿದಳು, ಮಗಳ ಅಂಗಿಗಳ ಮೇಲೆ, ಹಳೇ ಹೊದಿಕೆಗಳ ಮೇಲೆ. ತಪ್ಪು ತಿದ್ದುತ್ತಾ ತಿದ್ದುತ್ತಾ ಗೆರೆ ಬೇರೆಯೇ ದಾರಿ ಹಿಡಿಯಿತು. ಆ ಗೆರೆಗಳ ಕಂದು ಕಾಗದಗಳು ಸುರುಳಿಯಾಗಿ ಮಂಚದ ಕೆಳಗಿದ್ದವು. ಹೊಲಿಗೆ ಶಾಲೆಯಲ್ಲಿ ಖಾಲಿ ಇದ್ದದ್ದು ಕತ್ತರಿಸುವುದನ್ನು ಕಲಿಸುವ ಕೆಲಸ. ಹಿಂದಿನ ವಾರ ಆ ಶಾಲೆಯ ದೊಡ್ಡ ಟೀಚರ್ ಎದುರಿಗೆ ಅವಳು ಒಂದು ಕೋಟು ಕತ್ತರಿಸಿ ತೋರಿಸಿ ಬಂದಿದ್ದಳು. ಮನೆಯಲ್ಲಿ ಹೇಳಿದ್ದು ಮಾತ್ರ ಕಾಜಾ.

"ಒಂದೇ ಒಂದು ಬಾಕಿ ಇದೆ," ಎಂದು ಅವಳು ಕೈಯಲ್ಲಿದ್ದ ಕಾಗದವನ್ನು ಮಗಳಿಗೆ ಕೊಟ್ಟಳು.

ಅರಳು ಗಟ್ಟಿಯಾಗಿ ಓದಿದಳು. ಕೆಲಸಕ್ಕೆ ಸೇರುವವರು ತಾವು ನಂಬಿರುವುದೇನು, ಯಾವುದಕ್ಕೆ ಬೆಲೆ ಕೊಡುತ್ತೇವೆ ಎಂಬುದನ್ನು ಐದು ಸಾಲಿನಲ್ಲಿ ಸ್ವಂತ ಕೈಯಿಂದ ಬರೆಯಬೇಕು. ಮನೆಯವರು ಊಟಕ್ಕೆ ಕೂರುವ ಜಾಗದಲ್ಲಿ ಅದನ್ನು ನಾಲ್ಕು ವಾರ ತೂಗುಹಾಕಬೇಕು. ನಿಜವಲ್ಲ ಅನಿಸಿದ ಸಾಲನ್ನು ಹೊಡೆದು ಹಾಕಬಹುದು, ಹೊಸ ಹಾಳೆ ಕೂಡದು. ಉಳಿದದ್ದು ನಿಜವೆಂದು ಮನೆಯ ಇಬ್ಬರು ಹಿರಿಯರು ಅದರ ಮೇಲೆ ಸಹಿ ಹಾಕಬೇಕು. ನಾಲ್ಕನೇ ಶನಿವಾರ ಮಧ್ಯಾಹ್ನದೊಳಗೆ ಶಾಲೆಗೆ ತಲುಪಬೇಕು.

"ಇದೇನು ಹೊಸ ನಾಟಕ?" ಎಂದರು ಅತ್ತೆ.

"ಹಿಂದೆ ಇದ್ದ ಮೇಷ್ಟ್ರು ಅರ್ಧ ಕಲಿಸಿ ಅರ್ಧ ಜೇಬಲ್ಲಿಟ್ಕೊಂಡು ಹೋದ್ರಂತೆ ಅತ್ತೆ. ಮಕ್ಕಳು ಹೊಲಿದ ಅಂಗಿಗೆ ತಲೇನೇ ತೂರ್ತಿರಲಿಲ್ವಂತೆ. ಅದಕ್ಕೇ ದೊಡ್ಡ ಟೀಚರ್ ಈ ನಿಯಮ ಮಾಡಿದ್ದಾರೆ. ಕೈಕೆಲಸ ನಾನು ನೋಡ್ಕೋತೀನಿ, ಮನುಷ್ಯರು ಹೇಗೆ ಅಂತ ಮನೆಯವರೇ ಹೇಳ್ಲಿ ಅಂದ್ರು."

"ಇಬ್ಬರು ಹಿರಿಯರು," ಎಂದು ಗಂಡ ಬೆರಳು ಮಡಚಿದ. "ಅಪ್ಪ, ಅಮ್ಮ. ಸರಿಹೋಯ್ತು. ಮನೆಯಲ್ಲೇ ಇದ್ದಾರೆ."

ಅದು ಎಷ್ಟು ಸುಲಭ ಎಂದು ಆಗ ಎಲ್ಲರಿಗೂ ಅನಿಸಿತು.

ಸಂಜೆ ಪಾತ್ರೆ ತೊಳೆದಾದ ಮೇಲೆ ಮೇಜು ಒರೆಸಿ ಬರೆಯಲು ಕೂತರು. ಬರೆಯುವವಳು ಒಬ್ಬಳು, ಹೇಳುವವರು ನಾಲ್ವರು. "ದೊಡ್ಡ ಹಾಳೆ ತಾ ಹೋಗು, ದೂರದಿಂದ ಕಾಣಬೇಕು," ಎಂದಳು ತಾಯಿ. ಅರಳು ಓಡಿಹೋಗಿ ಮಂಚದ ಕೆಳಗಿನ ಸುರುಳಿಯಿಂದ ಒಂದು ಕಂದು ಕಾಗದ ಎಳೆದು ತಂದಳು. ಆ ಮನೆಯಲ್ಲಿ ಕಾಗದದ ಎರಡೂ ಮಗ್ಗುಲು ಮುಗಿಯದೆ ಯಾರೂ ಎಸೆಯುತ್ತಿರಲಿಲ್ಲ. ಖಾಲಿ ಮಗ್ಗುಲು ಮೇಲೆ ಹಾಕಿ ಹಾಸುವುದು ಹುಡುಗಿಗೆ ಹುಟ್ಟಿನಿಂದ ಬಂದ ಅಭ್ಯಾಸ. ತಾಯಿಯೂ ಸಡಗರದಲ್ಲಿ ಅದನ್ನು ತಿರುವಿ ನೋಡಲಿಲ್ಲ.

"ಮೊದಲು ಸತ್ಯ ಹಾಕು," ಎಂದ ಗಂಡ. "ಎಲ್ಲರೂ ಅದನ್ನೇ ಹಾಕ್ತಾರೆ."

"ನಾನು ಸುಳ್ಳು ಹೇಳುವುದಿಲ್ಲ," ಎಂದು ಅವಳು ದಪ್ಪ ಅಕ್ಷರದಲ್ಲಿ ಬರೆದಳು. ಶಾಲೆ ಬಿಟ್ಟ ಮೇಲೆ ಇಷ್ಟು ದೊಡ್ಡದಾಗಿ ಏನನ್ನೂ ಬರೆದಿರಲಿಲ್ಲ.

"ದೊಡ್ಡವರಿಗೆ ಎದುರು ಮಾತಾಡಲ್ಲ ಅಂತ ಹಾಕು," ಎಂದರು ಅತ್ತೆ.

"ಅಜ್ಜಿ, ಇದು ಅಮ್ಮನ ಕಾಗದ. ನಿಮ್ಮ ಕಾಗದ ಬೇರೆ ಬರೀರಿ!"

"ನಂಗ್ಯಾಕೆ ಕಾಗದ? ನಂದೆಲ್ಲಾ ಬಾಯಲ್ಲೇ ಇದೆ."

ಎರಡನೆಯ ಸಾಲು ಅವಳೇ ಯೋಚಿಸಿ ಬರೆದಳು: ಯಾರ ಕೈಕೆಲಸವನ್ನೂ ಕೀಳಾಗಿ ಕಾಣುವುದಿಲ್ಲ. ಮೂರನೆಯದು ಬೇಗ ಬಂತು: ನನಗೆ ಗೊತ್ತಿರುವುದನ್ನು ಬಚ್ಚಿಟ್ಟುಕೊಳ್ಳದೆ ಕೇಳಿದವರಿಗೆ ಹೇಳಿಕೊಡುತ್ತೇನೆ. ಮಾಸ್ಟರು ಅದನ್ನು ಓದಿ ಗಂಟಲು ಸರಿಮಾಡಿಕೊಂಡರು. ತಪ್ಪಾದರೆ ಬಿಚ್ಚಿ ಮತ್ತೆ ಹೊಲಿಯುತ್ತೇನೆ ಎಂಬುದು ನಾಲ್ಕನೆಯದು. ಐದನೆಯದಕ್ಕೆ ಮಗಳು ಕಾಡಿ ಬೇಡಿ ಒಂದು ಸಾಲು ಗಿಟ್ಟಿಸಿಕೊಂಡಳು: ಕೆಲಸದ ಸಿಟ್ಟನ್ನು ಊಟದ ಮೇಜಿಗೆ ತರುವುದಿಲ್ಲ.

ಬರೆದು ಮುಗಿಸಿ ಅವಳು ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದಳು. ತನ್ನೊಳಗೆ ಇಷ್ಟೆಲ್ಲ ಇತ್ತೇ ಎಂದು ಅವಳಿಗೇ ಬೆರಗು. ಬಹಳ ಸಂತೋಷವಾಯಿತು. ಗಂಡ ಹಾಳೆಯನ್ನು ನಾಲ್ಕು ಗುಂಡುಪಿನ್ನಿನಿಂದ ಊಟದ ಮೇಜಿನ ಎದುರು ಗೋಡೆಯ ಹಲಗೆಗೆ ಚುಚ್ಚಿದ.

ಮೊದಲ ವಾರವೇ ಮನೆ ಮಗುಚಿಬಿತ್ತು.

ಸೋಮವಾರ ಅತ್ತೆ ಕೇಳಿದರು, "ಪಲ್ಯಕ್ಕೆ ಉಪ್ಪು ಸರಿಯಾಗಿದೆಯಾ?" ಹತ್ತೊಂಬತ್ತು ವರ್ಷ "ಸರಿಯಾಗಿದೆ ಅತ್ತೆ" ಎನ್ನುತ್ತಿದ್ದವಳು ಗೋಡೆ ನೋಡಿದಳು. "ಸ್ವಲ್ಪ ಜಾಸ್ತಿ ಅತ್ತೆ."

"ನನಗೂ ಜಾಸ್ತಿ," ಎಂದಳು ಅರಳು.

"ನನಗೂ," ಎಂದ ಗಂಡ, ತಟ್ಟೆಯಿಂದ ತಲೆ ಎತ್ತದೆ.

"ಓಹೋ! ಇಷ್ಟು ದಿನ ಎಲ್ಲರೂ ನಾಲಿಗೆ ಅಡ ಇಟ್ಟಿದ್ರಾ?" ಎಂದು ಅತ್ತೆ ಪಲ್ಯದ ಪಾತ್ರೆಯನ್ನು ಒಳಗೆ ಎತ್ತಿಟ್ಟರು. ಆ ದಿನ ಎಲ್ಲರೂ ಬರೀ ಸಾರಿನಲ್ಲಿ ಉಂಡರು. ಮಂಗಳವಾರದಿಂದ ಮಾತ್ರ ಉಪ್ಪು ಅಳತೆಗೆ ಬಂತು.

ಗುರುವಾರ ಒಬ್ಬ ಬಸ್ ಕಂಡಕ್ಟರ್ ತನ್ನ ಕೋಟು ಕೇಳಿಕೊಂಡು ಬಂದ. ಮಾಸ್ಟರು ಬಚ್ಚಲಿನಲ್ಲಿದ್ದರು. ಅಲ್ಲಿಂದಲೇ ಕೂಗಿದರು, "ಗುಂಡಿ ಒಂದು ಬಾಕಿ ಅಂತ ಹೇಳಮ್ಮಾ!"

ಕಾಜಾ ಪರದೆ ಹಿಡಿದು ನಿಂತಳು. ಕಂಡಕ್ಟರ್ ಕಾದ. ಅವಳು ಹೇಳಿದಳು, "ಗುಂಡಿ ಬಾಕಿ ಇರೋದು ನಿಜ. ತೋಳೂ ಬಾಕಿ ಇದೆ. ಬೆನ್ನೂ ಬಾಕಿ ಇದೆ. ಬಟ್ಟೆ ಇನ್ನೂ ಕತ್ತರಿಸೇ ಇಲ್ಲ."

"ಮತ್ತೆ ಮೂರು ವಾರದಿಂದ ಗುಂಡಿ ಗುಂಡಿ ಅಂತಿದ್ರಲ್ಲಮ್ಮಾ!" ಕಂಡಕ್ಟರ್ ಬಸ್ಸಿನಲ್ಲಿ ಕೂಗುವ ದನಿಯಲ್ಲೇ ಕೂಗಿದ. ಎದುರು ಸಾಲಿನ ಅಂಗಡಿಯವರೆಲ್ಲ ಇಣುಕಿದರು.

ಮಧ್ಯಾಹ್ನದ ಊಟದಲ್ಲಿ ಮಾಸ್ಟರು ತಟ್ಟೆ ಮುಟ್ಟಲಿಲ್ಲ. "ನಲವತ್ತು ವರ್ಷ ಕಟ್ಟಿದ ಮರ್ಯಾದೆ. ನಲವತ್ತು ವರ್ಷ! ನಿನ್ನ ಗೋಡೆ ಕಾಗದ ಒಂದು ನಿಮಿಷದಲ್ಲಿ ಬೀದಿಗೆ ತಂತು."

"ತಾತ, ಐದನೇ ಸಾಲು!" ಎಂದಳು ಅರಳು. "ಕೆಲಸದ ಸಿಟ್ಟು ಮೇಜಿಗೆ ತರಬಾರದು."

"ಆ ಸಾಲು ಬರೆದಿರೋದು ನಿಮ್ಮಮ್ಮ. ನಾನಲ್ಲ. ನಾನು ಎಲ್ಲಿ ಬೇಕಾದ್ರೂ ತರ್ತೀನಿ."

"ಮಾವ, ನಾಳೆ ಅಂತ ನಾನು ಹೇಗೆ ಹೇಳ್ಲಿ? ನೀವೇ ಸಹಿ ಹಾಕ್ಬೇಕು. ಸುಳ್ಳು ಹೇಳಲ್ಲ ಅಂತ."

"ಹಾಕ್ತೀನೋ ಇಲ್ವೋ ನೋಡೋಣ," ಎಂದು ಅವರು ಎದ್ದು ಹೋದರು. ಎತ್ತು ಏರಿಗೆ, ಕೋಣ ನೀರಿಗೆ. ಗಂಡ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪವಿಟ್ಟ: "ಅಪ್ಪ ಹೇಳೋದೂ ಸರಿ, ನೀನು ಹೇಳೋದೂ ಸರಿ." ಅವನ ಬೆನ್ನಿಗೆ ಎರಡೂ ಕಡೆಯಿಂದ ಮಾತು ಬಿತ್ತು.

ಆದರೂ ಕಂಡಕ್ಟರ್ ಕೋಟನ್ನು ಬೇರೆ ಅಂಗಡಿಗೆ ಒಯ್ಯಲಿಲ್ಲ. "ಈ ಮನೇಲಿ ಒಬ್ಬರಾದ್ರೂ ನಿಜ ಹೇಳ್ತಾರೆ, ಇಲ್ಲೇ ಇರ್ಲಿ" ಎಂದು ಬಿಟ್ಟುಹೋಗಿದ್ದ. ಆ ಸಂಗತಿಯನ್ನು ಮಾಸ್ಟರು ಊಟದ ಮೇಜಿಗೆ ತರಲಿಲ್ಲ.

ಎರಡನೆಯ ವಾರ ಅತ್ತೆಯ ಸರದಿ. ಮಧ್ಯಾಹ್ನ ಕಾಜಾ ಅವರೆದುರು ಕಾಳು ಆರಿಸುತ್ತಾ ಕೂತು, "ಅತ್ತೆ, ನೀವು ಸಹಿ ಹಾಕ್ತೀರಿ ತಾನೇ?" ಎಂದಳು.

"ಹಾಕಲ್ಲ."

"ಯಾಕೆ ಅತ್ತೆ?"

"ಎರಡನೇ ಸಾಲು ಓದು."

"ಯಾರ ಕೈಕೆಲಸವನ್ನೂ ಕೀಳಾಗಿ ಕಾಣುವುದಿಲ್ಲ."

"ನಾನು ಮಧ್ಯಾಹ್ನ ಮಲಗಿದ ಮೇಲೆ ನಾನು ಹೊಲಿದ ಅಂಚನ್ನೆಲ್ಲ ಬಿಚ್ಚಿ ಮತ್ತೆ ಹೊಲೀತೀಯಲ್ಲ, ಅದೇನು? ಮೂರು ವರ್ಷದಿಂದ ಹೊಲೀತಿದ್ದೀಯ. ಎದ್ದ ಮೇಲೆ ಕೇಳಿದ್ರೆ, ಎಷ್ಟು ಚೆನ್ನಾಗಿ ಹೊಲಿದಿದ್ದೀರಿ ಅತ್ತೆ ಅಂತೀಯ. ಕಣ್ಣು ಮಂಜಾಗಿದೆ, ತಲೆ ಮಂಜಾಗಿಲ್ಲ ನಂದು."

ಕಾಜಾಳ ಕೈಯಲ್ಲಿದ್ದ ಕಾಳು ಮೊರಕ್ಕೆ ಬಿತ್ತು. ನಾಚಿಕೆಯಿಂದ ಅವಳ ಕಿವಿಗಳು ಬಿಸಿಯಾದವು. "ನಿಮಗೆ ಬೇಜಾರಾಗ್ಬಾರ್ದು ಅಂತ..."

"ನನ್ನ ಬೇಜಾರು ನಾನು ಪಟ್ಕೋತಿದ್ದೆ. ಅತ್ತೆ, ನಿಮ್ಮ ಹೊಲಿಗೆ ಸೊಟ್ಟ ಅಂತ ಒಂದು ಮಾತು ಹೇಳೋಕೆ ಬಾಯಿಗೆ ಬೀಗ ಹಾಕಿತ್ತಾ? ಹೇಳಿದ್ರೆ ಬೇರೆ ಕೆಲಸ ಹಿಡೀತಿದ್ದೆ. ಮೂರು ವರ್ಷ ನನ್ನನ್ನ ಮಗು ಹಾಗೆ ಆಡಿಸಿದೆ."

"ನಿಮ್ಮ ಹೊಲಿಗೆ ಸೊಟ್ಟ ಅತ್ತೆ," ಎಂದಳು ಕಾಜಾ, ಅಳು ನುಂಗಿಕೊಂಡು.

"ಹಾಂ. ಈಗ ಹೇಳಿದೆ ನೋಡು." ಅತ್ತೆ ಮೊರ ತಮ್ಮ ಕಡೆ ಎಳೆದುಕೊಂಡರು. "ನಾಳೆಯಿಂದ ಕಚ್ಚಾ ಹೊಲಿಗೆ ನನಗೆ ಕೊಡು. ಹೇಗೂ ಆಮೇಲೆ ಬಿಚ್ಚೋದೇ ತಾನೇ, ಸೊಟ್ಟ ಇದ್ದರೆ ಯಾರ ಗಂಟು ಹೋಗುತ್ತೆ? ದಪ್ಪ ಬಿಳೀ ದಾರ ಕೊಡು, ಕಾಣುತ್ತೆ."

"ಹಾಗಾದ್ರೆ ಸಹಿ?"

"ಅದಕ್ಕೆ ಇನ್ನೊಂದು ಸುಳ್ಳು ಬಾಕಿ ಇದೆಯಲ್ಲ. ಮಂಚದ ಕೆಳಗೆ ಕಸ ಗುಡಿಸೋರು ಯಾರು ಅಂದ್ಕೊಂಡೆ ಈ ಮನೇಲಿ?"

ಕಾಜಾ ಮಂಚದ ಕಡೆ ತಿರುಗಿ ನೋಡಿದಳು.

"ಅವರಿಗೆ ಹೇಳು. ಹೇಳಿದ ದಿನ ನನ್ನ ಸಹಿ. ಹೇಳದೇ ಇದ್ರೆ ಇಲ್ಲ. ಆಣೆ ಪ್ರಮಾಣ ಏನೂ ಬೇಡ, ನನ್ನ ಮಾತೇ ಮಾತು."

ಆ ಸಂಜೆ ಅವಳು ಸೀಮೆಸುಣ್ಣದ ಬಿಲ್ಲೆ ತಂದು ಮೊದಲ ಸಾಲಿನ ಮೇಲೆ ಅಡ್ಡ ಗೆರೆ ಎಳೆದಳು. ಊಟಕ್ಕೆ ಬಂದವರೆಲ್ಲ ಗೋಡೆ ನೋಡಿ ನಿಂತರು.

"ಸುಳ್ಳು ಹೇಳಲ್ಲ ಅನ್ನೋದನ್ನೇ ಹೊಡೆದ್ಯಾ?" ಎಂದರು ಮಾಸ್ಟರು. ಕಂಡಕ್ಟರ್ ಪ್ರಸಂಗ ಇನ್ನೂ ಅವರ ಗಂಟಲಲ್ಲಿತ್ತು. "ಪರವಾಗಿಲ್ಲ, ಬುದ್ಧಿ ಬಂತು."

"ಅದು ನಿಜ ಅಲ್ಲ ಮಾವ. ಅದಕ್ಕೇ ಹೊಡೆದೆ."

"ಅಮ್ಮಾ, ಅದು ಹೋದ್ರೆ ಕೆಲಸ ಕೊಡ್ತಾರಾ?" ಅರಳಿನ ದನಿ ಮೊದಲ ಸಲ ಸಣ್ಣದಾಯಿತು.

"ಗೊತ್ತಿಲ್ಲ ಪುಟ್ಟಾ."

ಮೂರನೆಯ ವಾರವೆಲ್ಲ ಅವಳು ಮಾವನಿಗೆ ಹೇಳಲು ಹೊರಟದ್ದೇ ಹೊರಟದ್ದು. ಒಮ್ಮೆ ಚಹಾ ಹಿಡಿದು ಕತ್ತರಿ ಮೇಜಿನ ತನಕ ಹೋದಳು. ಅವರು ಅಭ್ಯಾಸಬಲದಿಂದ ಬೆನ್ನು ತಿರುಗಿಸಿದರು. ಚಹಾ ಇಟ್ಟು ಬಂದಳು. ಇನ್ನೊಮ್ಮೆ, "ಮಾವ, ನಿಮ್ಮ ಹತ್ರ ಒಂದು ಮಾತು" ಎಂದು ಶುರುಮಾಡಿದಳು. "ಗುಂಡಿ ಮುಗೀತಾ? ಹೇಳು," ಎಂದರು. "ಮುಗೀತು" ಎಂದಳು. ಮೂರನೆಯ ಸಲ ಊಟದ ಮೇಜಿನಲ್ಲಿ ಬಾಯಿ ತೆರೆದಾಗ ಅರಳು ನೀರಿನ ತಂಬಿಗೆ ಉರುಳಿಸಿದಳು. ಅತ್ತೆ ಪ್ರತಿ ಸಲವೂ ಅವಳ ಮುಖ ನೋಡಿ ಹುಬ್ಬೇರಿಸುತ್ತಿದ್ದರು. ಹೊಲಿಗೆ ಶಾಲೆಯಿಂದ ಮಾತ್ರ ದಿನಕ್ಕೊಂದು ಸುದ್ದಿ ಬರುತ್ತಿತ್ತು: ಹದಿನೆಂಟು ಮಂದಿ ಸೇರಿದ್ದಾರೆ, ಇಪ್ಪತ್ತಾಯಿತು, ಹೊಸ ಮೇಜು ಬಂತು. ಎರಡು ಸಹಿ ಇಲ್ಲದಿದ್ದರೆ ಆ ಮೇಜು ಬೇರೆಯವರ ಪಾಲು.

ನಾಲ್ಕನೆಯ ವಾರದ ಬುಧವಾರ ಬೆಳಿಗ್ಗೆ ಗೋಡೆಯ ಮೇಲೆ ಹಾಳೆ ಇರಲಿಲ್ಲ. ನಾಲ್ಕು ಗುಂಡುಪಿನ್ನು ಸಾಲಾಗಿ ಹಲಗೆಗೆ ಚುಚ್ಚಿದ್ದವು.

"ಯಾರು ತೆಗೆದ್ರು?" ಅರಳು ಮನೆಯೆಲ್ಲ ಸುತ್ತಿದಳು. ಕಸದ ಬುಟ್ಟಿ, ಒಲೆಯ ಮೂಲೆ, ಚಿಂದಿಯ ಚೀಲ, ಎಲ್ಲ ತಲೆಕೆಳಗಾಯಿತು.

"ನನ್ನ ಯಾಕೆ ನೋಡ್ತೀರಿ? ಸಹಿ ಹಾಕಲ್ಲ ಅಂದೋಳು ನಾನೇ ಹೊರತು ಕದಿಯೋಳಲ್ಲ," ಎಂದರು ಅತ್ತೆ.

"ಯಾರೂ ನೋಡ್ಲಿಲ್ಲಮ್ಮಾ," ಎಂದ ಮಗ.

"ನೀನು ನೋಡಿದೆ!"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ," ಎಂದು ಅರಳು ಗೊಣಗಿದಳು. ಅದು ಅಜ್ಜಿಗೆ ಕೇಳಿಸಿತು. ಆಮೇಲೆ ನಡೆದ ಜಗಳವನ್ನು ಎರಡು ಬೀದಿ ಆಚೆಯವರೂ ಕೇಳಿದರು. ಅತ್ತೆ ತಾವು ತವರಿನಿಂದ ಹೊತ್ತು ತಂದದ್ದು, ಈ ಮನೆಗಾಗಿ ಸವೆಸಿದ್ದು ಎಲ್ಲವನ್ನೂ ಎಣಿಸಿ ಹೇಳಿ, ಕೊನೆಗೆ ಅಡುಗೆಮನೆ ಬಾಗಿಲು ಹಾಕಿಕೊಂಡರು. ಕಾಜಾ ಬರಿಗೋಡೆ ನೋಡುತ್ತಾ ಕುರ್ಚಿಯಲ್ಲಿ ಕುಸಿದಳು. ಹೊಸ ಹಾಳೆ ಕೂಡದು ಎಂದು ನಿಯಮವೇ ಇತ್ತು. ಮುಗಿಯಿತು ಎಂದುಕೊಂಡಳು.

ಈ ಗಲಾಟೆಗೆ ಬಾರದವರು ಮಾಸ್ಟರೊಬ್ಬರೇ. ಅವರು ಅಂಗಡಿಯ ಪರದೆಯನ್ನು ಪೂರ್ತಿ ಎಳೆದುಕೊಂಡು, ಮಗನನ್ನೂ ಮಿಷನ್ನಿನಿಂದ ಎಬ್ಬಿಸಿ ಕಳಿಸಿ, ತಾವೇ ಕೂತು ತುಳಿಯುತ್ತಿದ್ದರು. ಎರಡು ದಿನ ಊಟದ ತಟ್ಟೆ ಒಳಗೆ ಹೋಗಿ ಖಾಲಿಯಾಗಿ ಹೊರಗೆ ಬಂತು. ಗಿರಾಕಿಗಳಿಗೆ "ನಾಳೆ" ಕೂಡ ಸಿಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಎಲ್ಲರೂ ಮುಖ ಊದಿಸಿಕೊಂಡು ಊಟಕ್ಕೆ ಕೂತಿದ್ದಾಗ ಮಾಸ್ಟರು ಪರದೆ ಸರಿಸಿ ಬಂದರು. ಮೈಮೇಲೆ ಹೊಸ ಕೋಟು, ಬೂದು ಬಣ್ಣದ್ದು. ಅವರು ತಮಗೆಂದು ಇಟ್ಟುಕೊಂಡು ಆರು ವರ್ಷದಿಂದ ಮುಟ್ಟದಿದ್ದ ಬಟ್ಟೆ ಅದು. ಕುರ್ಚಿಯಲ್ಲಿ ಕೂರದೆ, ಗೋಡೆಯ ಮೇಲಿನ ಎತ್ತರದ ಹಲಗೆಯಲ್ಲಿದ್ದ ಉಪ್ಪಿನ ಡಬ್ಬಿಗೆ ಬಲಗೈ ಚಾಚಿದರು. ಡಬ್ಬಿ ಇಳಿಸಿದರು. ಮತ್ತೆ ಮೇಲಿಟ್ಟರು. ಮತ್ತೆ ಇಳಿಸಿದರು.

"ನಿಮಗೇನಾಯ್ತು? ಉಪ್ಪು ಬೇಕಾ ಬೇಡ್ವಾ?" ಎಂದರು ಅತ್ತೆ.

"ಕೋಟು ನೋಡೇ. ಅಂಚು ನೋಡು. ಕೈ ಎತ್ತಿದ್ರೆ ಮೇಲೆ ಏರ್ತಾ ಇದೆಯಾ?"

ಅತ್ತೆ ನೋಡಿದರು. ಮಗನೂ ನೋಡಿದ. ಕೋಟು ಮೈಮೇಲೆ ಇದ್ದಲ್ಲೇ ಇತ್ತು, ಕೂದಲೆಳೆಯಷ್ಟೂ ಅಲುಗಲಿಲ್ಲ.

"ನಲವತ್ತು ವರ್ಷ," ಎಂದರು ಮಾಸ್ಟರು. "ನಾನು ಹೊಲಿದ ಒಂದೊಂದು ಕೋಟೂ ಕೈ ಎತ್ತಿದ್ರೆ ಮೇಲೆ ಏರುತ್ತೆ. ಅದಕ್ಕೇ ಗಿರಾಕಿಗೆ ಕನ್ನಡಿ ಮುಂದೆ ಕೈ ಎತ್ತೋಕೆ ಬಿಡ್ತಿರಲಿಲ್ಲ ನಾನು. ನೆಟ್ಟಗೆ ನಿಂತ್ಕೊಳ್ಳಿ, ಕೈ ಕೆಳಗೆ ಬಿಡಿ ಅಂತಿದ್ದೆ." ಅವರು ಜೇಬಿನಿಂದ ಕಂದು ಕಾಗದದ ತುಂಡುಗಳನ್ನು ತೆಗೆದು ಮೇಜಿನ ಮೇಲೆ ಹರವಿದರು. ಬೆನ್ನು, ಎದೆ, ತೋಳು. ಒಂದೊಂದರ ಮೇಲೂ ಕತ್ತರಿಸಿಹೋದ ದಪ್ಪ ಅಕ್ಷರಗಳು. "ಮಂಗಳವಾರ ಬೀಸಿದ ಗಾಳಿಗೆ ನಿನ್ನ ಹಾಳೆ ಪಿನ್ನು ಕಿತ್ತು ಮೇಲೆ ಮಡಚಿಕೊಳ್ತು. ಸರಿಮಾಡೋಣ ಅಂತ ಹೋದೆ. ಹಿಂದೆ ನೋಡಿದ್ರೆ ನನ್ನ ಅಳತೆಯ ಕೋಟು."

ಕಾಜಾ ಎದ್ದು ನಿಂತಳು. ಆ ಹಾಳೆಯೇ! ಮಾವನ ಹಳೇ ಕೋಟಿನ ಒಳಬಟ್ಟೆ ಬದಲಾಯಿಸಲು ಬಿಚ್ಚಿದಾಗ, ಅದನ್ನೇ ಅಳತೆಯಾಗಿಟ್ಟುಕೊಂಡು ಗುಟ್ಟಾಗಿ ಬರೆದ ಗೆರೆಗಳು. ಅದರ ಬೆನ್ನಿನ ಮೇಲೆಯೇ ಸುಳ್ಳು ಹೇಳುವುದಿಲ್ಲ ಎಂದು ಬರೆದು, ಮೂರೂವರೆ ವಾರ ಅವರೆದುರೇ ನೇತುಹಾಕಿದ್ದಳು.

"ಈ ಗೆರೆ ಯಾರದ್ದು?"

"ನಂದು ಮಾವ." ಒಮ್ಮೆ ಬಾಯಿಬಿಟ್ಟ ಮೇಲೆ ಅವಳಿಗೆ ನಿಲ್ಲಿಸಲಾಗಲಿಲ್ಲ. "ನಿಮ್ಮದೇ ಗೆರೆ. ಕನ್ನಡಿಯಲ್ಲಿ ನೋಡಿ ಕದ್ದು ಕಲಿತೆ. ಶಾಲೆಯಲ್ಲಿ ನಾನು ಕಲಿಸೋದು ಕಾಜಾ ಅಲ್ಲ, ಕತ್ತರಿಸೋದು. ಅಂದು ಊಟದ ಹೊತ್ತಲ್ಲಿ ಸುಳ್ಳು ಹೇಳಿದೆ. ಹೆದರಿಕೆ ಆಯ್ತು, ಅದಕ್ಕೇ ಹೇಳಿದೆ."

"ಕನ್ನಡಿ!" ಮಾಸ್ಟರು ಪರದೆಯಾಚೆ ತಿರುಗಿ ನೋಡಿದರು. ಅವರ ಮುಖ ಕಪ್ಪಿಟ್ಟಿತು. "ಹತ್ತೊಂಬತ್ತು ವರ್ಷ ನನ್ನ ಬೆನ್ನ ಹಿಂದೆ ಕೂತು... ಕೇಳಬಹುದಿತ್ತಲ್ಲ ನೀನು! ಬಾಯಿ ಬಿಟ್ಟು ಕೇಳಬಹುದಿತ್ತಲ್ಲ!"

"ಕೇಳಿದ್ದೆ."

"ಯಾವಾಗ?"

"ಮದುವೆಯಾದ ಮೂರನೇ ತಿಂಗಳು. ಇದೇ ಮೇಜಿನ ಹತ್ರ. ಕಾಜಾ ಹೊಲಿಯೋ ಕೈಗೆ ಕತ್ತರಿ ಭಾರ ಕಣಮ್ಮ ಅಂದ್ರಿ. ಎಲ್ಲರೂ ನಕ್ಕರು. ಆಮೇಲೆ ನಾನು ಕೇಳಲಿಲ್ಲ."

ಮಾಸ್ಟರಿಗೆ ಆ ಮಾತು ನೆನಪೇ ಇರಲಿಲ್ಲ. ನೆನಪಿಲ್ಲ ಎಂಬುದೇ ಅವರನ್ನು ಹೆಚ್ಚು ಚುಚ್ಚಿತು. ಅವರು ಕುರ್ಚಿ ಎಳೆದುಕೊಂಡು ಕೂತರು, ಕೋಟಿನ ತೋಳನ್ನು ಹೆಬ್ಬೆರಳಿನಿಂದ ಸವರಿದರು.

"ಇದು ನನ್ನ ಗೆರೆ ಅಲ್ಲ," ಎಂದರು ಕೊನೆಗೆ.

"ನಿಮ್ಮದೇ ಮಾವ, ಕನ್ನಡಿಯಲ್ಲಿ—"

"ನನ್ನದಾಗಿದ್ರೆ ಕೈ ಎತ್ತಿದಾಗ ಕೋಟು ಮೇಲೆ ಏರ್ತಿತ್ತು. ಏರಲ್ಲ. ಇದು ನಿಂದು." ಅವರು ಮತ್ತೊಮ್ಮೆ ಕೈಯೆತ್ತಿ ಇಳಿಸಿದರು. ಕಣ್ಣು ಒದ್ದೆಯಾಗಿತ್ತು, ಆದರೆ ತುಟಿಯ ಮೂಲೆಯಲ್ಲಿ ಹೊಸ ಬಟ್ಟೆ ತೊಟ್ಟ ಹುಡುಗನ ನಗೆಯೂ ಇತ್ತು. "ಪೆನ್ನು ತಗೊಂಡು ಬಾರೇ ಅರಳು!"

ಅರಳು ಹಾರಿದಳು. "ತಾತ, ಆದ್ರೆ ಹಾಳೆ ತುಂಡಾಗಿದೆಯಲ್ಲ! ಹೊಸದು ಬರೆಯೋ ಹಾಗಿಲ್ಲ!"

"ಇತ್ತ ತಾ," ಎಂದರು ಅತ್ತೆ. ಊಟದ ತಟ್ಟೆ ಪಕ್ಕಕ್ಕೆ ತಳ್ಳಿ, ಕೈ ತೊಳೆದು ಬಂದು, ಸೂಜಿಗೆ ದಪ್ಪ ಬಿಳೀ ದಾರ ಪೋಣಿಸಿಕೊಂಡರು. ಅರಳು ಚಿಂದಿಯ ಚೀಲದಿಂದ ಉಳಿದ ಚೂರುಗಳನ್ನೂ ಹೆಕ್ಕಿ ತಂದಳು. ಎದೆಗೆ ಬೆನ್ನು, ಬೆನ್ನಿಗೆ ತೋಳು, ಸಾಲಿಗೆ ಸಾಲು ಕೂಡಿಸಿ ಅತ್ತೆ ಕಚ್ಚಾ ಹೊಲಿಗೆ ಹಾಕುತ್ತಾ ಹೋದರು. ಹೊಲಿಗೆ ಸೊಟ್ಟಗೆ ಹೋಯಿತು. ಒಂದು ಕಡೆ "ಬಚ್ಚಿಟ್ಟು" ಎಂಬುದು ಅರ್ಧ ಬೆರಳು ಕೆಳಗಿಳಿಯಿತು. ಕಾಜಾ ಅದನ್ನು ಬಿಚ್ಚಲಿಲ್ಲ. "ಸೊಟ್ಟ ಇದೆ ಅತ್ತೆ" ಎಂದಳು. "ಗೊತ್ತು ಬಿಡೇ" ಎಂದರು ಅತ್ತೆ. ಇಬ್ಬರೂ ನಕ್ಕರು.

ಹೊಡೆದು ಹಾಕಿದ ಮೊದಲ ಸಾಲಿನ ಮೇಲಿದ್ದ ಜಾಗದಲ್ಲಿ ಕಾಜಾ ಸಣ್ಣದಾಗಿ ಬರೆದಳು: ಹೆದರಿ ಸುಳ್ಳು ಹೇಳಿದ್ದೆ. ಇನ್ನು ಹೆದರುವುದಿಲ್ಲ. ಮಾಸ್ಟರು ತೋಳಿನ ತುಂಡಿನ ಮೇಲೆ, ಕಂಕುಳ ಗೆರೆಯ ಪಕ್ಕ ಸಹಿ ಹಾಕಿದರು. ಅತ್ತೆ ಬೆನ್ನಿನ ಮೇಲೆ ಹಾಕಿದರು. ಗಂಡ, "ನಾನೂ ಹಾಕ್ಲಾ?" ಎಂದ. ಅರಳು, "ಎರಡೂ ಸರಿ ಅನ್ನೋರ ಸಹಿ ನಡೆಯಲ್ಲ ಅಪ್ಪಾ" ಎಂದಳು. ಮೇಜು ಅಲುಗುವಷ್ಟು ನಗು ಎದ್ದಿತು. ಅನ್ನ ಆರಿ ತಣ್ಣಗಾಗಿತ್ತು, ಯಾರಿಗೂ ಅದರ ಪರಿವೆ ಇರಲಿಲ್ಲ.

ಶನಿವಾರ ಆ ಹೊಲಿದ ಹಾಳೆ ಶಾಲೆಯ ಹೊಸ ಮೇಜಿನ ಮೇಲೆ ಬಿಚ್ಚಿಕೊಂಡಿತು. ದೊಡ್ಡ ಟೀಚರ್ ಅದನ್ನು ಮುಂದೆ ಓದಿ, ಹಿಂದೆ ತಿರುವಿ, ಗೆರೆಯ ಮೇಲೆ ಬೆರಳಾಡಿಸಿ, ಬಿಳೀ ದಾರ ಮುಟ್ಟಿ ನೋಡಿ ಕೇಳಿದ್ದು ಒಂದೇ ಮಾತು. "ಸೋಮವಾರ ಎಷ್ಟು ಹೊತ್ತಿಗೆ ಬರ್ತೀರಿ?"

ಸೋಮವಾರ ಬೆಳಿಗ್ಗೆ ಕಂಡಕ್ಟರ್ ಮೆಟ್ಟಿಲು ಹತ್ತಿ ಬಂದ. "ಮಾಸ್ಟರೇ, ನನ್ನ ಕೋಟು ಆಯ್ತಾ?"

ಬೂದು ಕೋಟು ತೊಟ್ಟಿದ್ದ ಮಾಸ್ಟರು ಅಭ್ಯಾಸದಂತೆ "ಗುಂಡಿ" ಎಂದು ಶುರುಮಾಡಿದರು. ಅಷ್ಟರಲ್ಲಿ ಎದುರಿನ ಕನ್ನಡಿಯಲ್ಲಿ ಪರದೆಯ ಪಕ್ಕ ಸೊಸೆ ಕೂತು ಹೊಲಿಯುತ್ತಿದ್ದ ಮಣೆ ಖಾಲಿ ಕಂಡಿತು. ಅವರು ಕತ್ತರಿಯನ್ನು ಮೇಜಿನ ಮೇಲಿಟ್ಟು ಕಂಡಕ್ಟರನ ಕಡೆ ತಿರುಗಿ ನಿಂತರು.

"ಇಲ್ಲಪ್ಪ, ಇನ್ನೂ ಕತ್ತರಿಸಿಲ್ಲ," ಎಂದರು. "ನಮ್ಮನೇಲಿ ಕತ್ತರಿಸೋಳು ಶಾಲೆಗೆ ಪಾಠ ಮಾಡೋಕೆ ಹೋಗಿದ್ದಾಳೆ. ಸಂಜೆ ಬರ್ತಾಳೆ, ನೀನೂ ಬಾ."